ಅರ್ಧಕ್ಕೆ ನಿಂತ ಕಾದಂಬರಿ

ನಮ್ಮ ನುಡಿಯಲ್ಲಿ ‘ನಾವೆಲ್’ ಎಂಬ ಸಾಹಿತ್ಯಪ್ರಕಾರಕ್ಕೆ ಕಾದಂಬರಿಯೆಂಬ ಹೆಸರು ನೆಲೆನಿಂತು ಬಹುಕಾಲವಾಯಿತು. ಈ ಹೆಸರಿನ ಮೂಲ ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯವೆಂಬುದು ಸಾಹಿತ್ಯಾಸಕ್ತರಿಗೆಲ್ಲ ತಿಳಿದದ್ದೇ. ಆದರೆ ಆ ಕಾವ್ಯವನ್ನು ಬಾಣ ಮುಗಿಸಲಿಲ್ಲ ಎಂಬ ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕಥೆ ನಡುವಿನಲ್ಲಿರುವಾಗಲೇ ಅವನು ತೀರಿಕೊಂಡ. ಉಳಿದ ಭಾಗವನ್ನು ಬರೆದವನು ಅವನ ಮಗ. ಅವನ ಹೆಸರನ್ನು ಭೂಷಣಭಟ್ಟನೆಂದು ಕೆಲವರು, ಪುಲಿಂದನೆಂದು ಕೆಲವರು ಹೇಳುತ್ತಾರೆ. ತಾನು ಕವಿಯೆಂಬ ಹೆಮ್ಮೆಯಿಂದ ಈ ಕೆಲಸಕ್ಕೆ ಕೈಹಾಕಲಿಲ್ಲ, ಕಥೆ ನಿಂತುಹೋದುದಕ್ಕೆ ಸಜ್ಜನರು ಪಡುತ್ತಿದ್ದ ದುಃಖವನ್ನು ಕಂಡು ಕೈಹಾಕಿದೆ ಎಂಬರ್ಥದ ಮಾತನ್ನು ಅವನು ಉತ್ತರಭಾಗದ ಮೊದಲಲ್ಲಿ ಹೇಳಿಕೊಂಡಿದ್ದಾನೆ. ಮುಂದೆ ನಾಗವರ್ಮ ಈ ಕಥೆಯನ್ನು ಚಂಪುವಾಗಿ ಕನ್ನಡಕ್ಕೆ ತಂದಾಗ ತಂದೆ ಮಗ ಇಬ್ಬರ ಭಾಗಗಳೂ ಕೂಡಿ ‘ಕರ್ಣಾಟಕ ಕಾದಂಬರಿ’ಯೆಂಬ ಒಂದೇ ಕಾವ್ಯವಾಯಿತು. ಎಂದರೆ, ನಾವು ಈ ಪ್ರಕಾರಕ್ಕೆ ಇಟ್ಟುಕೊಂಡ ಹೆಸರೇ ಬರೆದವನ ಕೈಯಲ್ಲಿ ಅರ್ಧಕ್ಕೆ ನಿಂತ ಕೃತಿಯೊಂದರ ಹೆಸರು.

ಬಾಣನ ಲೇಖನಿಯನ್ನು ನಿಲ್ಲಿಸಿದ್ದು ಮೃತ್ಯು. ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ನಾನು ಈಗ ಹೇಳಹೊರಟಿರುವುದು ಬೇರೆ ಬಗೆಯ ನಿಲುಗಡೆಯನ್ನು ಕುರಿತು. ಬರೆಯುವವನು ಬದುಕಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ, ಮೇಜಿನ ಮೇಲೆ ಇನ್ನೂರು ಮುನ್ನೂರು ಪುಟ ಬರೆದಿಟ್ಟಿದ್ದಾನೆ. ಆದರೆ ಮುಂದಿನ ಪುಟ ಬಾರದು. ದಿನವೂ ಕುಳಿತುಕೊಳ್ಳುತ್ತಾನೆ, ಒಂದು ವಾಕ್ಯ ಬರೆದು ಹೊಡೆದುಹಾಕುತ್ತಾನೆ, ಏಳುತ್ತಾನೆ. ಭಾವಗೀತೆ ಬರೆಯುವವರಿಗೆ ಈ ಕಷ್ಟ ಇಷ್ಟು ಉಗ್ರವಾಗಿ ಬರುವುದಿಲ್ಲವೆಂದು ತೋರುತ್ತದೆ. ಬಾರದ ಕವಿತೆಯನ್ನು ಬಿಟ್ಟು ಇನ್ನೊಂದನ್ನು ಹಿಡಿಯಬಹುದು. ಕಾದಂಬರಿಕಾರನಿಗೆ ಹಾಗಲ್ಲ. ಅವನು ಹಲವು ತಿಂಗಳುಗಳನ್ನು, ಕೆಲವೊಮ್ಮೆ ವರ್ಷಗಳನ್ನು, ಆ ಪುಟಗಳಲ್ಲಿ ಹೂಡಿರುತ್ತಾನೆ. ಬಿಡಲೂ ಆಗದು, ಮುಂದೆ ಸಾಗಲೂ ಆಗದು.

ಈ ಸ್ಥಿತಿಗೆ ಸಾಮಾನ್ಯವಾಗಿ ಎರಡು ಉಪದೇಶಗಳು ಸಿಗುತ್ತವೆ. ಪಟ್ಟುಹಿಡಿದು ಕುಳಿತು ಬರೆ ಎನ್ನುವವರು ಕೆಲವರು. ಸುಮ್ಮನೆ ಬಿಡು, ತಾನಾಗಿ ಬರುತ್ತದೆ ಎನ್ನುವವರು ಕೆಲವರು. ಎರಡಕ್ಕೂ ಸಾಹಿತ್ಯಚರಿತ್ರೆಯಲ್ಲಿ ಬೇಕಾದಷ್ಟು ಸಾಕ್ಷ್ಯವುಂಟು. ಎರಡು ವಿರುದ್ಧ ಔಷಧಗಳೂ ಗುಣ ಕೊಟ್ಟಿವೆಯೆಂದರೆ, ಒಂದೇ ಹೆಸರಿನಿಂದ ಕರೆಯುವ ಈ ರೋಗ ಒಂದಲ್ಲ, ಎರಡು ಎಂದೇ ಅರ್ಥ. ಇದನ್ನು ತೋರಿಸುವುದಕ್ಕೆ ನಾನು ಒಂದು ಕಾದಂಬರಿಯ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೂ ಇನ್ನೊಂದನ್ನು ಸಂಗ್ರಹವಾಗಿಯೂ ಹೇಳುತ್ತೇನೆ. ಮೊದಲನೆಯದು ಅಮೆರಿಕದ ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’. ಎರಡನೆಯದು ರಷ್ಯದ ದಾಸ್ತೊಯೆವ್‌ಸ್ಕಿಯ ‘ಜೂಜುಗಾರ’.

ಮಾರ್ಕ್ ಟ್ವೇನ್ ಎಂಬುದು ಕಾವ್ಯನಾಮ. ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬುದು ಆತನ ನಿಜನಾಮ. 1835ರಲ್ಲಿ ಮಿಸೌರಿ ಸಂಸ್ಥಾನದಲ್ಲಿ ಹುಟ್ಟಿ, ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಎಂಬ ಸಣ್ಣ ಊರಿನಲ್ಲಿ ಬೆಳೆದವನು. ಯೌವನದಲ್ಲಿ ಅದೇ ನದಿಯ ಮೇಲೆ ಉಗಿಹಡಗಿನ ಚಾಲಕನಾಗಿದ್ದ. 1861ರಲ್ಲಿ ಅಂತರ್ಯುದ್ಧ ಬಂದು ನದಿಯ ಸಂಚಾರ ನಿಂತಾಗ ಆ ವೃತ್ತಿಯೂ ಕೊನೆಗಂಡಿತು. ಮುಂದೆ ಲೇಖಕನಾಗಿ ಹೆಸರು ಮಾಡಿ, ಉತ್ತರದ ಹಾರ್ಟ್‌ಫರ್ಡ್ ನಗರದಲ್ಲಿ ಮನೆ ಕಟ್ಟಿಕೊಂಡು ನೆಲೆಸಿದ. ಆದರೆ ಅವನು ಹೆಚ್ಚಾಗಿ ಬರೆಯುತ್ತಿದ್ದುದು ಹಾರ್ಟ್‌ಫರ್ಡಿನಲ್ಲಲ್ಲ. ಬೇಸಗೆಯಲ್ಲಿ ಕುಟುಂಬವೆಲ್ಲ ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರಾ ಊರಿನ ಬಳಿಯ ಕ್ವಾರಿ ಫಾರ್ಮ್ ಎಂಬ ಗುಡ್ಡದ ಮನೆಗೆ ಹೋಗುತ್ತಿತ್ತು. ಅದು ಅವನ ಹೆಂಡತಿಯ ಅಕ್ಕ ಸೂಸನ್ ಕ್ರೇನಳ ಮನೆ. ಆಕೆ 1874ರಲ್ಲಿ ಮನೆಯಿಂದ ತುಸು ದೂರದಲ್ಲಿ, ಸುತ್ತಲೂ ಕಿಟಕಿಗಳಿರುವ ಎಂಟು ಮೂಲೆಯ ಒಂದು ಪುಟ್ಟ ಕೋಣೆಯನ್ನು ಅವನಿಗಾಗಿಯೇ ಕಟ್ಟಿಸಿಕೊಟ್ಟಳು. ಮಕ್ಕಳ ಗದ್ದಲವಿಲ್ಲ, ಬಂದುಹೋಗುವವರ ಕಾಟವಿಲ್ಲ. ಬರೆಯುವವನಿಗೆ ಇದಕ್ಕಿಂತ ಹೆಚ್ಚಿನ ಅನುಕೂಲವನ್ನು ಕಲ್ಪಿಸಿಕೊಳ್ಳುವುದು ಕಷ್ಟ.

1876ರ ಬೇಸಗೆಯಲ್ಲಿ, ‘ಟಾಮ್ ಸಾಯರ್’ ಪುಸ್ತಕ ಹೊರಬರುತ್ತಿದ್ದ ವರ್ಷದಲ್ಲಿಯೇ, ಅವನು ಇಲ್ಲಿ ಕುಳಿತು ಹಕ್ ಫಿನ್ನನ ಕಥೆಯನ್ನು ತೊಡಗಿದ. ತಾಯಿಯಿಲ್ಲದ, ಕುಡುಕ ತಂದೆಯ ಹೊಡೆತ ತಿಂದು ಬೆಳೆದ ಹುಡುಗ ತನ್ನ ಕಥೆಯನ್ನು ತನ್ನದೇ ಹಳ್ಳಿಯ ಮಾತಿನಲ್ಲಿ ಹೇಳುತ್ತಾನೆ. ಅಮೆರಿಕದ ಗದ್ಯಕ್ಕೆ ಅದೊಂದು ಹೊಸ ದನಿ. ಆ ದನಿ ಸಿಕ್ಕ ಕೂಡಲೇ ಬರೆವಣಿಗೆ ಹೊನಲಾಗಿ ಹರಿಯಿತು. ಆಗಸ್ಟ್ ತಿಂಗಳಲ್ಲಿ ಆಪ್ತಮಿತ್ರನೂ ವಿಮರ್ಶಕನೂ ಆದ ಹೊವೆಲ್ಸ್‌ಗೆ ಬರೆದ ಕಾಗದದಲ್ಲಿ ಸುಮಾರು 400 ಹಸ್ತಪ್ರತಿಪುಟ ಆಗಿದೆಯೆಂದು ಟ್ವೇನ್ ತಿಳಿಸುತ್ತಾನೆ. ಆದರೆ ಅದೇ ಕಾಗದದಲ್ಲಿ, ಬರೆದದ್ದು ತನಗೆ ಅಷ್ಟಕ್ಕಷ್ಟೇ ಹಿಡಿಸಿದೆಯೆಂದೂ, ಮುಗಿದ ಮೇಲೆ ಇದನ್ನು ಗೂಡಿಗೆ ಸೇರಿಸಿಬಿಡಬಹುದು ಇಲ್ಲವೆ ಸುಟ್ಟೇಬಿಡಬಹುದು ಎಂದೂ ಹೇಳುತ್ತಾನೆ. ಸುಡಲಿಲ್ಲವೆಂಬುದು ನಮ್ಮ ಪುಣ್ಯ. ಆದರೆ ಗೂಡಿಗೆ ಸೇರಿದ್ದು ನಿಜ. ಬೇಸಗೆ ಮುಗಿಯಿತು, ಕಥೆ ನಿಂತಿತು. ಅದು ಪೂರ್ತಿಯಾದದ್ದು ಏಳು ವರ್ಷಗಳ ತರುವಾಯ, 1883ರಲ್ಲಿ.

ಅನುಕೂಲಕ್ಕೆ ಕೊರತೆಯಿರಲಿಲ್ಲ, ಆರೋಗ್ಯಕ್ಕೆ ಕೊರತೆಯಿರಲಿಲ್ಲ, ಹುಟ್ಟುಹಾಸ್ಯಕ್ಕೂ ಭಾಷೆಯ ಮೇಲಣ ಪ್ರಭುತ್ವಕ್ಕೂ ಕೊರತೆಯಿರಲಿಲ್ಲ. ಹಾಗಾದರೆ ಕಥೆ ಏಕೆ ನಿಂತಿತು? ಕಥೆಯ ಭೂಗೋಳವನ್ನು ಸ್ವಲ್ಪ ನೋಡಿದರೆ ಉತ್ತರದ ಒಂದು ಎಳೆ ಸಿಗುತ್ತದೆ. ಹಕ್ ತಂದೆಯಿಂದ ತಪ್ಪಿಸಿಕೊಂಡು ಓಡುತ್ತಾನೆ. ಒಡತಿ ತನ್ನನ್ನು ದಕ್ಷಿಣಕ್ಕೆ ಮಾರಿಬಿಡುತ್ತಾಳೆಂಬ ಭಯದಿಂದ ಜಿಮ್ ಎಂಬ ಕಪ್ಪು ಜನಾಂಗದ ಗುಲಾಮನೂ ಓಡಿಬಂದಿದ್ದಾನೆ. ಇಬ್ಬರೂ ಒಂದು ತೆಪ್ಪದ ಮೇಲೆ ರಾತ್ರಿಗಳಲ್ಲಿ ತೇಲುತ್ತ ಸಾಗುತ್ತಾರೆ. ಅವರ ಉದ್ದೇಶ ಸ್ಪಷ್ಟ. ಒಹಾಯೊ ನದಿ ಮಿಸಿಸಿಪಿಯನ್ನು ಸೇರುವ ಕೇರೊ ಎಂಬ ಊರಿನಲ್ಲಿ ತೆಪ್ಪವನ್ನು ಮಾರಿ, ಉಗಿಹಡಗು ಹತ್ತಿ, ಒಹಾಯೊ ನದಿಯ ಮೇಲ್ಮುಖವಾಗಿ ಗುಲಾಮಗಿರಿಯಿಲ್ಲದ ಸಂಸ್ಥಾನಗಳಿಗೆ ಹೋಗಬೇಕು. ಆದರೆ ಒಂದು ರಾತ್ರಿ ದಟ್ಟವಾಗಿ ಮಂಜು ಕವಿಯುತ್ತದೆ. ಕೇರೊ ಕಣ್ಣಿಗೆ ಬೀಳದೆ ಹಿಂದೆ ಉಳಿಯುತ್ತದೆ. ತೆಪ್ಪ ದಕ್ಷಿಣದ ಕಡೆಗೆ, ಗುಲಾಮಗಿರಿಯ ಒಡಲಿನೊಳಕ್ಕೆ, ಇಳಿಯತೊಡಗುತ್ತದೆ.

ಲೇಖಕನ ಇಕ್ಕಟ್ಟು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಟ್ವೇನನಿಗೆ ಅಂಗೈರೇಖೆಯಂತೆ ಗೊತ್ತಿದ್ದುದು ಸೇಂಟ್ ಲೂಯಿಯಿಂದ ನ್ಯೂ ಆರ್ಲಿಯನ್ಸ್‌ವರೆಗಿನ ಮಿಸಿಸಿಪಿ. ಅವನು ಹಡಗು ನಡೆಸಿದ್ದು ಆ ನೀರಿನಲ್ಲಿ. ಜಿಮ್ಮನ ಬಿಡುಗಡೆ ಇದ್ದುದು ಒಹಾಯೊ ನದಿಯ ಕಡೆಗೆ. ಕಥೆ ಹೋಗಬೇಕಾದ ದಿಕ್ಕು ಒಂದು, ಲೇಖಕನಿಗೆ ಗೊತ್ತಿದ್ದ ನದಿ ಹರಿಯುತ್ತಿದ್ದ ದಿಕ್ಕು ಇನ್ನೊಂದು. ಓಡಿಹೋಗುವ ಗುಲಾಮ ದಕ್ಷಿಣಕ್ಕೇಕೆ ಓಡುತ್ತಾನೆ? ಅವನ ಜೊತೆಯ ಹುಡುಗ ಅದಕ್ಕೇಕೆ ಒಪ್ಪುತ್ತಾನೆ? ಈ ಪ್ರಶ್ನೆಗೆ ಉತ್ತರವಿಲ್ಲದೆ ಒಂದು ಪುಟ ಮುಂದೆ ಹೋದರೂ ಕಥೆ ಸುಳ್ಳಾಗುತ್ತದೆ. ಹುಡುಗರ ಸಾಹಸಕಥೆಯಾಗಿ ತೊಡಗಿದ ಬರೆಹ ಬರೆಯುತ್ತ ಬರೆಯುತ್ತ ಒಂದು ದೇಶದ ಪಾಪವನ್ನು ಮುಟ್ಟಿಬಿಟ್ಟಿತ್ತು. ಅದನ್ನು ಮುಟ್ಟುವ ಸಿದ್ಧತೆ 1876ರ ಆ ಲೇಖಕನಲ್ಲಿ ಇನ್ನೂ ಪೂರ್ತಿಯಾಗಿರಲಿಲ್ಲ.

ಕಥೆ ಯಾವ ಪುಟದಲ್ಲಿ ನಿಂತಿತೆಂಬುದೇ ಒಂದು ಪತ್ತೇದಾರಿಯ ವಿಷಯ. ಹದಿನಾರನೆಯ ಅಧ್ಯಾಯದ ಕೊನೆಯಲ್ಲಿ ಉಗಿಹಡಗೊಂದು ತೆಪ್ಪಕ್ಕೆ ಬಡಿದು ಅದನ್ನು ಚೂರುಮಾಡುತ್ತದೆ. ಟ್ವೇನ್ ಅಲ್ಲಿಯೇ ನಿಲ್ಲಿಸಿದನೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ದಾರಿಗಾಣದ ಲೇಖಕ ಕಥೆಯ ವಾಹನವನ್ನೇ ಒಡೆದುಹಾಕಿ ಎದ್ದುಹೋದನೆಂಬ ಊಹೆ ಅಂದವಾಗಿಯೂ ಇತ್ತು. ಟ್ವೇನ್ ಈ ಕಾದಂಬರಿಯ ಹಸ್ತಪ್ರತಿಯನ್ನು ಬಫಲೊ ನಗರದ ಗ್ರಂಥಾಲಯಕ್ಕೆ ಕೊಟ್ಟಿದ್ದ. ಆದರೆ ಅಲ್ಲಿ ಉಳಿದಿದ್ದುದು ಉತ್ತರಾರ್ಧ ಮಾತ್ರ; ಪೂರ್ವಾರ್ಧ ಕಳೆದುಹೋಯಿತೆಂದು ನೂರು ವರ್ಷ ಎಲ್ಲರೂ ಭಾವಿಸಿದ್ದರು. 1990ರಲ್ಲಿ ಲಾಸ್ ಏಂಜಲೀಸಿನ ಮನೆಯೊಂದರ ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಪರಿಶೀಲಿಸಿದಾಗ ಹಳೆಯ ಊಹೆ ತಪ್ಪೆಂದು ಗೊತ್ತಾಯಿತು. ತೆಪ್ಪ ಒಡೆದ ಮೇಲೆಯೂ ಟ್ವೇನ್ ಬರೆದಿದ್ದಾನೆ. ಹಕ್ಕನನ್ನು ದಡಕ್ಕೆ ಹತ್ತಿಸಿ, ನೆರೆಯ ಮನೆತನದೊಂದಿಗೆ ಪೀಳಿಗೆಗಳಿಂದ ಕೊಲೆಯ ಹಗೆ ಸಾಧಿಸುತ್ತಿರುವ ಸಿರಿವಂತ ಕುಟುಂಬವೊಂದರ ಮನೆಯಲ್ಲಿ ಇರಿಸಿದ್ದಾನೆ. ಈ ಮನೆತನದ ವೈರವೆಂದರೇನು ಎಂದು ಹಕ್ ತನ್ನ ಓರಗೆಯ ಹುಡುಗನನ್ನು ಕೇಳುವ ಆಸುಪಾಸಿನಲ್ಲಿ, ಹದಿನೆಂಟನೆಯ ಅಧ್ಯಾಯದ ನಡುವೆ, ಲೇಖನಿ ನಿಂತಿದೆ.

ಈ ಸಣ್ಣ ತಿದ್ದುಪಡಿ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದದ್ದು. ಟ್ವೇನ್ ಕೇರೊದ ಬಳಿ ದಾರಿ ತಪ್ಪಿದೊಡನೆಯೇ ಕೈಬಿಡಲಿಲ್ಲ. ಇನ್ನೊಂದು ಘಟನೆಯನ್ನು ತಂದು, ಕಷ್ಟವನ್ನು ಬಳಸಿಕೊಂಡು ಹೋಗಲು ನೋಡಿದ. ಆ ಘಟನೆಯೂ ಮತ್ತೆ ಒಂದು ಪ್ರಶ್ನೆಗೇ ಬಂದು ನಿಂತಿತು. ಇಷ್ಟು ಸಭ್ಯರಾದ, ಇಷ್ಟು ದೈವಭಕ್ತರಾದ ಜನ ಕಾರಣವೇ ಮರೆತುಹೋದ ಹಗೆಗಾಗಿ ಮಕ್ಕಳನ್ನು ಬಲಿಕೊಡುವುದೇಕೆ? ದಕ್ಷಿಣದ ಸಮಾಜವನ್ನು ಕುರಿತ ಪ್ರಶ್ನೆಯದು. ತೆಪ್ಪದ ಮೇಲೆ ಬಿಟ್ಟುಬಂದ ಪ್ರಶ್ನೆಯೇ ಬೇರೆ ಉಡುಪಿನಲ್ಲಿ ದಡದ ಮೇಲೆ ಕಾದು ಕುಳಿತಿತ್ತೆನ್ನಬೇಕು.

1906ರಲ್ಲಿ, ಮುದಿವಯಸ್ಸಿನಲ್ಲಿ, ಆತ್ಮಕಥೆಗಾಗಿ ಹೇಳಿ ಬರೆಸಿದ ಭಾಗವೊಂದರಲ್ಲಿ ಟ್ವೇನ್ ಈ ಬಗೆಯ ನಿಲುಗಡೆಯನ್ನು ಕುರಿತು ಮಾತನಾಡಿದ್ದಾನೆ. ಅವನು ಕೊಡುವ ಉಪಮಾನ ನೀರಿನ ತೊಟ್ಟಿಯದು. ‘ಟಾಮ್ ಸಾಯರ್’ ಬರೆಯುವಾಗ ನಡುವಿನಲ್ಲಿ ಕಥೆ ಮುಂದಕ್ಕೆ ಹೋಗಲೊಲ್ಲೆನೆಂದು ಹಠಹಿಡಿಯಿತಂತೆ. ಕಾರಣ ಬಹಳ ದಿನ ಅವನಿಗೆ ಹೊಳೆಯಲಿಲ್ಲ. ಆಮೇಲೆ ತಿಳಿಯಿತು, ತನ್ನ ತೊಟ್ಟಿ ಬರಿದಾಗಿತ್ತು. ಹಾಗೆಯೇ ಬಿಟ್ಟರೆ, ನಾವು ಮಲಗಿರುವಾಗಲೂ ಬೇರೆ ಕೆಲಸದಲ್ಲಿರುವಾಗಲೂ ಅದು ತಾನಾಗಿ ತುಂಬುತ್ತದೆ ಎಂಬುದು ಅವನು ಕಂಡುಕೊಂಡ ಸೂತ್ರ. ನಮ್ಮ ಕಡೆಯವರಿಗೆ ಇದನ್ನು ಬಾವಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಬೇಸಗೆಯಲ್ಲಿ ಬೆಳಗಿನ ಹೊತ್ತು ಸೇದಿ ಸೇದಿ ತಳ ಕಂಡ ಬಾವಿಯಿಂದ ಮಧ್ಯಾಹ್ನವೂ ಸೇದಲು ಹೋದರೆ ಕೊಡದಲ್ಲಿ ಬರುವುದು ಕೆಸರು. ಒರತೆಗೆ ಒಂದು ರಾತ್ರಿಯ ಬಿಡುವು ಕೊಡಬೇಕು.

ಆದರೆ ಟ್ವೇನನ ಈ ಸೂತ್ರವನ್ನು ಅವನ ಬಾಳಿನ ಜೊತೆಗಿಟ್ಟು ನೋಡಿದರೆ ಅದು ಅರ್ಧಸತ್ಯವೆಂದೇ ಹೇಳಬೇಕಾಗುತ್ತದೆ. ಆ ಏಳು ವರ್ಷಗಳಲ್ಲಿ ಅವನು ಸುಮ್ಮನಿರಲಿಲ್ಲ. 1878ರಲ್ಲಿ ಯೂರೋಪಿಗೆ ಹೋಗಿ ಮರುವರ್ಷ ಹಿಂದಿರುಗಿದ. ಆ ಪ್ರವಾಸದ ಪುಸ್ತಕ 1880ರಲ್ಲಿ ಹೊರಬಂತು. ರಾಜಕುಮಾರನೂ ಭಿಕಾರಿಯ ಮಗನೂ ಬಟ್ಟೆ ಬದಲಿಸಿಕೊಳ್ಳುವ ಕಥೆಯನ್ನು ತೊಡಗಿ, ಬಿಟ್ಟು, ಮತ್ತೆ ಹಿಡಿದು 1881ರಲ್ಲಿ ಮುಗಿಸಿದ. ಈ ನಡುವೆ ಹಕ್ಕನ ಕಟ್ಟನ್ನು ಒಮ್ಮೆ ಬಿಚ್ಚಿದ್ದನೆಂಬುದನ್ನು ವಾಲ್ಟರ್ ಬ್ಲೇರ್ ಎಂಬ ವಿದ್ವಾಂಸರು ಟಿಪ್ಪಣಿಗಳನ್ನೂ ಕಾಗದ ಮತ್ತು ಶಾಯಿಯ ಬಗೆಯನ್ನೂ ಪರೀಕ್ಷಿಸಿ 1958ರಲ್ಲಿ ತೋರಿಸಿಕೊಟ್ಟರು. 1879–80ರ ಆ ಅವಧಿಯಲ್ಲಿಯೇ ಮೊದಲನೆಯ ಗಂಟು ಸಡಿಲವಾದದ್ದು. ರಾಜನೆಂದೂ ಡ್ಯೂಕನೆಂದೂ ಹೇಳಿಕೊಳ್ಳುವ ಇಬ್ಬರು ಠಕ್ಕರು ಬಂದು ತೆಪ್ಪ ಹತ್ತುತ್ತಾರೆ. ಹತ್ತಿದವರು ಯಜಮಾನರೇ ಆಗಿಬಿಡುತ್ತಾರೆ. ಊರೂರಿಗೆ ಮೋಸಮಾಡುತ್ತ ಹೊಳೆಯ ಕೆಳಮುಖವಾಗಿ ಸಾಗುವುದು ಅವರಿಗೆ ಬೇಕು. ಹುಡುಗನಿಗೂ ಗುಲಾಮನಿಗೂ ಅವರನ್ನು ಎದುರಿಸುವ ಶಕ್ತಿಯಿಲ್ಲ. ದಕ್ಷಿಣಕ್ಕೇಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಅದೂ ಹೇಗೆ? ದಕ್ಷಿಣದ ಸಮಾಜದಿಂದಲೇ ಎದ್ದುಬಂದ ಎರಡು ಪಾತ್ರಗಳ ರೂಪದಲ್ಲಿ.

ಇಷ್ಟಾದರೂ ಬರೆಹ ಮತ್ತೆ ನಿಂತಿತು. ಅದನ್ನು ಕೊನೆಮುಟ್ಟಿಸಲು ಬೇಕಾಗಿದ್ದುದು 1882ರಲ್ಲಿ ಒದಗಿತು. ಆ ವರ್ಷದ ಏಪ್ರಿಲಿನಲ್ಲಿ ಟ್ವೇನ್, ಪ್ರಕಾಶಕನನ್ನೂ ಒಬ್ಬ ಶೀಘ್ರಲಿಪಿಕಾರನನ್ನೂ ಜೊತೆಗೆ ಕರೆದುಕೊಂಡು, ಎರಡು ದಶಕಗಳ ಬಳಿಕ ತನ್ನ ನದಿಯನ್ನು ನೋಡಲು ಹೊರಟ. ಗುರುತು ಸಿಕ್ಕಬಾರದೆಂದು ಬೇರೆ ಹೆಸರನ್ನೂ ಇಟ್ಟುಕೊಂಡ. ಆ ಹೆಸರು ಬಹಳ ದಿನ ಬಾಳಲಿಲ್ಲ. ಸೇಂಟ್ ಲೂಯಿಯ ಕಟ್ಟೆಯಲ್ಲಿ ಹಿಂದೆ ಮೈಲಿಯುದ್ದಕ್ಕೂ ಒತ್ತಾಗಿ ನಿಲ್ಲುತ್ತಿದ್ದ ಉಗಿಹಡಗುಗಳ ಬದಲು ತೂಕಡಿಸುತ್ತಿದ್ದ ನಾಲ್ಕಾರು ಮಾತ್ರ ಕಂಡವು. ರೈಲು ಬಂದು ನದಿಯ ವ್ಯಾಪಾರವನ್ನು ನುಂಗಿತ್ತು. ನ್ಯೂ ಆರ್ಲಿಯನ್ಸಿನಲ್ಲಿ, ತನಗೆ ಹಡಗು ನಡೆಸುವುದನ್ನು ಕಲಿಸಿದ ಗುರು ಹೊರೇಸ್ ಬಿಕ್ಸ್‌ಬಿಯನ್ನು ಭೇಟಿಯಾದ. ಅವನು ಕಪ್ತಾನನಾಗಿದ್ದ ಹಡಗಿನಲ್ಲಿಯೇ ಮೇಲಕ್ಕೆ ಪ್ರಯಾಣ ಮಾಡಿದ. ಹ್ಯಾನಿಬಲ್ಲಿನಲ್ಲಿ ಮೂರು ದಿನ ತಂಗಿ ಬಾಲ್ಯದ ಬೀದಿಗಳಲ್ಲಿ ತಿರುಗಾಡಿದ. ಯುದ್ಧದಲ್ಲಿ ಸೋತು, ಗುಲಾಮರನ್ನು ಕಾನೂನಿನ ಮಟ್ಟಿಗೆ ಬಿಟ್ಟುಕೊಟ್ಟು, 1877ರಲ್ಲಿ ಕೇಂದ್ರದ ಸೈನ್ಯದ ಹಿಡಿತವೂ ತಪ್ಪಿದ ಮೇಲೆ ಹಳೆಯ ದರ್ಪವನ್ನು ಬೇರೆ ದಾರಿಗಳಲ್ಲಿ ಸ್ಥಾಪಿಸುತ್ತಿದ್ದ ದಕ್ಷಿಣವನ್ನು ಅವನು ಈಗ ಕಣ್ಣಾರೆ ಕಂಡ. 1876ರಲ್ಲಿ ಗುಲಾಮಗಿರಿಯೆಂಬುದು ಮುಗಿದುಹೋದ ಕಥೆಯೆಂದು ಉತ್ತರದ ಸುಖದಲ್ಲಿ ಕುಳಿತವನಿಗೆ ತೋರಿದ್ದರೆ ಆಶ್ಚರ್ಯವಿಲ್ಲ. 1882ರ ನದಿ ಅದು ಮುಗಿದಿಲ್ಲವೆಂದು ತೋರಿಸಿತು.

ಆ ಪ್ರವಾಸದ ಫಲವಾದ ‘ಮಿಸಿಸಿಪಿಯ ಬದುಕು’ 1883ರಲ್ಲಿ ಪ್ರಕಟವಾಯಿತು. ಅದನ್ನು ಗುತ್ತಿಗೆಯಂತೆ ದಪ್ಪ ಪುಸ್ತಕವಾಗಿಸಲು ಅವನು ಬಹಳ ಹೆಣಗಿದ. ಗೂಡಿನಲ್ಲಿದ್ದ ಹಕ್ಕನ ಹಸ್ತಪ್ರತಿಯಿಂದಲೇ ತೆಪ್ಪದವರ ಒಂದು ಪ್ರಸಂಗವನ್ನು ಕಿತ್ತು ಅದಕ್ಕೆ ಸೇರಿಸಿದ. ಆದರೆ ಆ ಪುಸ್ತಕ ಮುಗಿದದ್ದೇ ತಡ, ಅದೇ ವರ್ಷದ ಬೇಸಗೆಯಲ್ಲಿ ಎಂಟು ಮೂಲೆಯ ಕೋಣೆಗೆ ಮರಳಿ ಹಕ್ಕನ ಕಥೆಯನ್ನು ಕೈಗೆತ್ತಿಕೊಂಡ. ಈ ಬಾರಿ ತಡೆಯಿರಲಿಲ್ಲ. ಜುಲೈ ತಿಂಗಳಲ್ಲಿ ಹೊವೆಲ್ಸ್‌ಗೆ ಬರೆದ ಕಾಗದದಲ್ಲಿ ದಿನಕ್ಕೆ ಮೂರು ಸಾವಿರ, ನಾಲ್ಕು ಸಾವಿರ ಪದಗಳಾಗುತ್ತಿವೆ, ಬರೆಯುವ ಯಾವ ದಿನವೂ 2600ಕ್ಕಿಂತ ಕೆಳಗಿಳಿಯುವುದಿಲ್ಲ ಎಂದು ಹಿಗ್ಗುತ್ತಾನೆ. ಹೀಗೆ ಬಂದ ಪುಟಗಳಲ್ಲಿಯೇ ಆ ಕಾದಂಬರಿಯ ಶಿಖರವೂ ಇದೆ. ಠಕ್ಕರು ಜಿಮ್ಮನನ್ನು ನಲವತ್ತು ಡಾಲರಿಗೆ ಮಾರಿಬಿಟ್ಟಿದ್ದಾರೆ. ಅವನಿರುವ ಜಾಗವನ್ನು ಒಡತಿಗೆ ತಿಳಿಸುವುದೇ ಧರ್ಮ, ಓಡಿಹೋದ ಗುಲಾಮನಿಗೆ ನೆರವಾಗುವುದು ಪಾಪ ಎಂದು ಹಕ್ಕನಿಗೆ ಚಿಕ್ಕಂದಿನಿಂದ ಕಲಿಸಲಾಗಿದೆ. ಅವನು ಕಾಗದ ಬರೆಯುತ್ತಾನೆ. ಬರೆದು, ತೆಪ್ಪದ ಮೇಲೆ ಜಿಮ್ ತನ್ನನ್ನು ನೋಡಿಕೊಂಡ ದಿನಗಳನ್ನು ನೆನೆದು, ನರಕಕ್ಕೆ ಹೋಗಲೂ ಸಿದ್ಧನಾಗಿ ಆ ಕಾಗದವನ್ನು ಹರಿದುಹಾಕುತ್ತಾನೆ. 1876ರಲ್ಲಿ ನಿಂತ ಲೇಖನಿ ಕಾಯುತ್ತಿದ್ದುದು ಈ ಗಳಿಗೆಗಾಗಿ ಎಂದು ನಾನು ನಂಬುತ್ತೇನೆ. ಅಂದೇ ಹಠಹಿಡಿದು ಮುಗಿಸಿದ್ದರೆ ನಮಗೆ ಟಾಮ್ ಸಾಯರನ ಇನ್ನೊಂದು ಸಾಹಸ ಸಿಗುತ್ತಿತ್ತು. ಈ ಪುಸ್ತಕ ಸಿಗುತ್ತಿರಲಿಲ್ಲ.

ಹಾಗೆಂದು ಕಾಯುವುದೊಂದೇ ದಿವ್ಯೌಷಧವೆಂದು ಯಾರೂ ತಿಳಿಯಬಾರದು. 1884ರಲ್ಲಿ ಟ್ವೇನ್ ಹಕ್ ಮತ್ತು ಟಾಮ್ ಇಬ್ಬರನ್ನೂ ಪಶ್ಚಿಮದ ಬಯಲಿಗೆ, ಅಲ್ಲಿನ ಮೂಲನಿವಾಸಿಗಳ ನಡುವೆ, ಕಳಿಸುವ ಮತ್ತೊಂದು ಕಥೆಯನ್ನು ತೊಡಗಿದ. ಬೇಕಾದ ವಿವರಗಳಿಗಾಗಿ ಪುಸ್ತಕಗಳನ್ನು ತರಿಸಿಕೊಂಡ. ಒಂಬತ್ತು ಅಧ್ಯಾಯಗಳಾದ ಮೇಲೆ ಅದು ನಿಂತಿತು. 1910ರಲ್ಲಿ ಅವನು ಸಾಯುವವರೆಗೂ ಆ ತೊಟ್ಟಿ ತುಂಬಲಿಲ್ಲ. ಕೊನೆಗಾಲದಲ್ಲಿ ಅವನು ಹಲವು ಬಾರಿ ತೊಡಗಿ ಹಲವು ಬಾರಿ ಬಿಟ್ಟ ಕಥೆಗಳ ರಾಶಿಯೇ ಇದೆ. ಅಂದಮೇಲೆ ಹಕ್ಕನ ಬಾವಿಗೆ ನೀರು ತಂದದ್ದು ಬರಿಯ ಕಾಲವಲ್ಲ. ನಿಂತ ಪುಟ ಏನನ್ನು ಕೇಳುತ್ತಿತ್ತೋ ಅದು ಸಿಗುವ ಜಾಗಕ್ಕೆ ಲೇಖಕ ಕಾಲಿಟ್ಟು ಹೋದದ್ದು.

ಇನ್ನು ಎರಡನೆಯ ಬಗೆ. ಇಲ್ಲಿ ತೊಟ್ಟಿ ತುಂಬಿರುತ್ತದೆ, ಕಟ್ಟಿಕೊಂಡಿರುವುದು ಕೊಳಾಯಿ. ದಾಸ್ತೊಯೆವ್‌ಸ್ಕಿ 1865ರಲ್ಲಿ ಸಾಲಗಾರರ ಕಾಟ ತಾಳಲಾರದೆ ಸ್ಟೆಲೊವ್‌ಸ್ಕಿ ಎಂಬ ಪ್ರಕಾಶಕನಿಂದ ಮೂರು ಸಾವಿರ ರೂಬಲ್ ಪಡೆದು ಒಂದು ಕರಾರಿಗೆ ಸಹಿ ಹಾಕಿದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಕೊಡದಿದ್ದರೆ, ಮುಂದಿನ ಒಂಬತ್ತು ವರ್ಷ ಅವನು ಏನು ಬರೆದರೂ ಬಿಡಿಗಾಸು ಕೊಡದೆ ಅಚ್ಚುಹಾಕುವ ಹಕ್ಕು ಪ್ರಕಾಶಕನಿಗೆ ಸೇರುತ್ತಿತ್ತು. ಅಕ್ಟೋಬರ್ ಬಂದರೂ ಆ ಕಾದಂಬರಿಯ ಒಂದು ಸಾಲೂ ಇರಲಿಲ್ಲ. ‘ಅಪರಾಧ ಮತ್ತು ಶಿಕ್ಷೆ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದುದರಿಂದ ಅವನ ಹೊತ್ತೆಲ್ಲ ಅದಕ್ಕೇ ಹೋಗಿತ್ತು. ಗೆಳೆಯರು ತಾವೆಲ್ಲ ಸೇರಿ ಒಂದೊಂದು ಭಾಗ ಬರೆದುಕೊಡುವೆವೆಂದರು. ಇನ್ನೊಬ್ಬರ ಬರೆಹಕ್ಕೆ ತನ್ನ ಹೆಸರು ಹಾಕಲು ಅವನು ಒಪ್ಪಲಿಲ್ಲ. ಕೊನೆಗೆ ಅಕ್ಟೋಬರ್ 4ರಂದು ಶೀಘ್ರಲಿಪಿ ಕಲಿತಿದ್ದ ಅನ್ನಾ ಗ್ರಿಗೊರ್ಯೆವ್ನಾ ಎಂಬ ಇಪ್ಪತ್ತು ವರ್ಷದ ತರುಣಿ ಅವನ ಮನೆಗೆ ಬಂದಳು. ರಾತ್ರಿ ಅವನು ಟಿಪ್ಪಣಿ ಮಾಡಿಕೊಳ್ಳುವುದು, ಹಗಲು ಅವಳಿಗೆ ಹೇಳುವುದು, ಅವಳು ಮನೆಗೆ ಹೋಗಿ ಶುದ್ಧಪ್ರತಿ ಮಾಡಿ ಮರುದಿನ ತರುವುದು. ಹೀಗೆ ಅಕ್ಟೋಬರ್ 29ಕ್ಕೆ, ಇಪ್ಪತ್ತಾರು ದಿನಗಳಲ್ಲಿ, ‘ಜೂಜುಗಾರ’ ಮುಗಿಯಿತು. ಗಡುವಿನ ದಿನ ಪ್ರಕಾಶಕ ಊರಲ್ಲಿಲ್ಲವೆಂದು ಹೇಳಿಸಿದಾಗ, ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಅನ್ನಾ ಅವನ ಹೆಂಡತಿಯಾದಳು.

ಈ ವೃತ್ತಾಂತವನ್ನು ಹೇಳಿ, ಗಡುವಿದ್ದರೆ ಯಾರಾದರೂ ಬರೆಯುತ್ತಾರೆ ಎಂದು ತೀರ್ಪುಕೊಡುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಈ ಕಥೆಯ ರೂಪರೇಖೆಯನ್ನು ದಾಸ್ತೊಯೆವ್‌ಸ್ಕಿ 1863ರಲ್ಲಿಯೇ ರೋಮ್ ನಗರದಿಂದ ಮಿತ್ರನೊಬ್ಬನಿಗೆ ಬರೆದು ತಿಳಿಸಿದ್ದ. ಜೂಜಿನ ಮೇಜಿನ ಬಳಿ ಕಳೆದುಕೊಂಡದ್ದು ಅವನ ಸ್ವಂತ ಹಣ, ಸ್ವಂತ ಮಾನ. ಮೂರು ವರ್ಷ ಒಳಗೆ ತುಂಬಿ ನಿಂತಿದ್ದ ನೀರದು. ಅದಕ್ಕೆ ಬೇಕಾಗಿದ್ದುದು ಹೊಸ ಒರತೆಯಲ್ಲ, ಎದುರು ಕುಳಿತು ಕೇಳುವ ಒಂದು ಜೀವ, ನಾಳೆ ಮತ್ತೆ ಬರುತ್ತೇನೆಂದು ಹೇಳಿಹೋಗುವ ಒಬ್ಬ ಲಿಪಿಕಾರಳು. ನಮ್ಮ ಮಹಾಭಾರತ ಹುಟ್ಟಿದ ಬಗೆಯನ್ನು ಹೇಳುವ ಕಥೆಯಲ್ಲಿಯೂ ಇದರ ಸೊಗಸಾದ ನೆರಳಿದೆ. ಎಲ್ಲಿಯೂ ನಿಲ್ಲಿಸದೆ ಹೇಳಬೇಕೆಂಬುದು ಗಣಪತಿಯ ಕರಾರು; ಅರ್ಥಮಾಡಿಕೊಳ್ಳದೆ ಬರೆಯಬಾರದೆಂಬುದು ವ್ಯಾಸರ ಮರುಕರಾರು. ಗಣಪತಿ ಬಿಡಿಸಿಕೊಳ್ಳಲು ಕ್ಷಣಕಾಲ ತಡೆಯುವಂಥ ಗಂಟುಶ್ಲೋಕಗಳನ್ನು ನಡುನಡುವೆ ಹೇಳಿ, ಆ ಬಿಡುವಿನಲ್ಲಿ ವ್ಯಾಸರು ಮುಂದಿನದನ್ನು ಕಟ್ಟಿಕೊಳ್ಳುತ್ತಿದ್ದರಂತೆ. ಮುಂದೂಡುವ ಒತ್ತಾಯವೂ ಬೇಕು, ಒಳಗೆ ಕೂಡಿಬರುವ ಬಿಡುವೂ ಬೇಕು ಎಂಬುದನ್ನು ನಮ್ಮ ಹಿರಿಯರು ಎಷ್ಟು ಹಿಂದೆಯೇ ಗುರುತಿಸಿದ್ದರು!

ಟ್ವೇನನ ಕಥೆಗೆ ಒಂದು ಕಹಿಯಾದ ಬಾಲವಿದೆ. ಅದನ್ನು ಹೇಳದಿದ್ದರೆ ಚರಿತ್ರೆಗೆ ನ್ಯಾಯವಾಗುವುದಿಲ್ಲ. ಹಕ್ ಆ ಕಾಗದವನ್ನು ಹರಿದ ಮೇಲೆ ಕಾದಂಬರಿಯಲ್ಲಿ ಸುಮಾರು ಕಾಲುಭಾಗ ಉಳಿದಿರುತ್ತದೆ. ಅಲ್ಲಿಗೆ ಟಾಮ್ ಸಾಯರ್ ಬಂದಿಳಿದು, ಜಿಮ್ಮನ ಬಿಡುಗಡೆಯನ್ನು ಹುಡುಗಾಟವಾಗಿ ಮಾಡಿಬಿಡುತ್ತಾನೆ. ಕಡೆಗೆ ತಿಳಿದುಬರುವುದೇನೆಂದರೆ, ಒಡತಿ ಎರಡು ತಿಂಗಳ ಹಿಂದೆಯೇ ಸತ್ತು, ತನ್ನ ಉಯಿಲಿನಲ್ಲಿ ಜಿಮ್ಮನನ್ನು ಬಿಡುಗಡೆ ಮಾಡಿದ್ದಳು! ಜಿಮ್ಮನನ್ನು ಕದ್ದೊಯ್ದಲ್ಲಿಗೆ ಓದನ್ನು ನಿಲ್ಲಿಸಿಬಿಡಬೇಕು, ಉಳಿದದ್ದು ಮೋಸ ಎಂಬರ್ಥದಲ್ಲಿ ಹೆಮಿಂಗ್ವೇ 1935ರಲ್ಲಿ ಕಟುವಾಗಿ ನುಡಿದ. ಅದೇ ಉಸಿರಿನಲ್ಲಿ, ಆಧುನಿಕ ಅಮೆರಿಕದ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಬಂದದ್ದೆಂದೂ ಹೇಳಿದ. 1950ರಲ್ಲಿ ಟಿ. ಎಸ್. ಎಲಿಯಟ್ ಆ ಮುಕ್ತಾಯವನ್ನು ಸಮರ್ಥಿಸಿದ. ವಾದ ಇಂದಿಗೂ ತೀರಿಲ್ಲ. ನನಗಂತೂ ಹೆಮಿಂಗ್ವೇಯ ಅಸಮಾಧಾನ ನ್ಯಾಯವೆಂದೇ ತೋರುತ್ತದೆ. ದಿನಕ್ಕೆ ನಾಲ್ಕು ಸಾವಿರ ಪದಗಳ ಆ ಉತ್ಸಾಹದಲ್ಲಿ ಲೇಖಕ ಇನ್ನೊಮ್ಮೆ ನಿಂತಿದ್ದರೆ ಒಳ್ಳೆಯದಿತ್ತು. ಬಿಡುಗಡೆ ಹೊಂದಿದ ಜಿಮ್ ಆ ದೇಶದಲ್ಲಿ ಎಲ್ಲಿಗೆ ಹೋಗುತ್ತಾನೆ ಎಂಬ ಪ್ರಶ್ನೆ ಅಲ್ಲಿತ್ತು. ಅದಕ್ಕೆ 1883ರ ಅಮೆರಿಕದ ಬಳಿ ಉತ್ತರವಿರಲಿಲ್ಲ, ಟ್ವೇನನ ಬಳಿಯೂ ಇರಲಿಲ್ಲ. ಲೇಖನಿ ಮಾತ್ರ ನಿಲ್ಲಲಿಲ್ಲ. ಪುಸ್ತಕ 1884ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ 1885ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿಯೂ ಹೊರಬಂತು.

ಆದ್ದರಿಂದ ಕಾದಂಬರಿ ನಿಂತಾಗ ಅದನ್ನು ಸೋಮಾರಿತನವೆಂದು ಹಳಿಯುವುದಾಗಲಿ, ಪ್ರತಿಭೆ ಬತ್ತಿತೆಂದು ಅಳುವುದಾಗಲಿ ಸರಿಯಲ್ಲ. ಬರೆದಿಟ್ಟ ಕೊನೆಯ ಹತ್ತು ಪುಟಗಳನ್ನು ತೆಗೆದು, ಇಲ್ಲಿ ಕಥೆ ನನ್ನನ್ನು ಏನು ಕೇಳುತ್ತಿದೆ ಎಂದು ನೋಡುವುದು ಲೇಸು. ಉತ್ತರ ಗೊತ್ತಿದ್ದೂ ಕೈ ಹಿಂಜರಿಯುತ್ತಿದ್ದರೆ, ಗಡುವು ಹಾಕಿಕೊಳ್ಳಬಹುದು. ಆಪ್ತರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳಿ ಬರೆಸಬಹುದು. ಉತ್ತರ ಗೊತ್ತಿಲ್ಲದಿದ್ದರೆ ಯಾವ ಗಡುವೂ ಅದನ್ನು ತಂದುಕೊಡಲಾರದು. ಆಗ ಹಸ್ತಪ್ರತಿಯನ್ನು ಸುಡದೆ, ಹರಿಯದೆ, ಗೂಡಿನಲ್ಲಿ ಜೋಪಾನವಾಗಿ ಕಟ್ಟಿಟ್ಟು, ಆ ಕಥೆ ಹುಟ್ಟಿದ ಊರಿಗೋ ಹೊಳೆಗೋ ಮನುಷ್ಯರ ಬಳಿಗೋ ಹೋಗಿಬರುವುದೇ ದಾರಿ. ಬಂದ ಮೇಲೆ ಅದೇ ಪುಟದಿಂದ ತೊಡಗಬೇಕು. ಮನೆತನದ ವೈರವೆಂದರೇನು ಎಂದು ಹಕ್ ಕೇಳಿದ ಆ ಪುಟ ಮೂರು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ಇತ್ತು. ಟ್ವೇನ್ ಮತ್ತೆ ಲೇಖನಿ ಹಿಡಿದಾಗ ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡುವುದರಿಂದಲೇ ತೊಡಗಿದ.